ಕುರ್ಚಿಯಿಂದ ಏಳುವ ಮೊದಲು

ಬೆಳಿಗ್ಗೆ ಎಂಟೂಕಾಲಿಗೆ ಹೇಳಿದ ಸುಳ್ಳು ಹತ್ತು ಗಂಟೆಯಾದರೂ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತೆ ಕ್ಷೌರಿಕನ ಬಾಯಲ್ಲೇ ಇತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಆಸ್ಪತ್ರೆಯ ಎರಡನೇ ಮಹಡಿಯ ತೊಳೆಯುವ ಕೋಣೆಯಲ್ಲಿ ನಿಂತು ಅವನು ಕತ್ತಿಯ ಹಿಡಿಯನ್ನು ಉಜ್ಜುತ್ತಿದ್ದ, ಉಜ್ಜಿದ್ದನ್ನೇ ಉಜ್ಜುತ್ತಿದ್ದ. ಸುಳ್ಳು ದೊಡ್ಡದೇನಲ್ಲ. ಒಬ್ಬ ಹೆಂಗಸು ಒಂದು ಮಾತಿನ ಅರ್ಥ ಕೇಳಿದಳು, ಇವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನುವ ಬದಲು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಇಂಥದ್ದು ಲೋಕದಲ್ಲಿ ದಿನವೂ ನಡೆಯುತ್ತದೆ, ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಆ ಹೆಂಗಸನ್ನು ಸಾಯಂಕಾಲ ನಾಲ್ಕಕ್ಕೆ ತಲೆಯ ಶಸ್ತ್ರಚಿಕಿತ್ಸೆಗೆ ಒಯ್ಯುವವರಿದ್ದರು. ಅವಳ ತಲೆಯನ್ನು ಬೋಳಿಸಿ, ಹೆಗಲ ಮೇಲಿನ ಬಟ್ಟೆ ಕೊಡವಿ, ಇವನು ಆಡಿದ ಆ ಒಂದು ಮಾತಿಗೆ ಇವನೇ ಕೊಟ್ಟ ಅರ್ಥ, ಮುಗೀತು ಎಂದು.

ಮಾತು ನಯೀಮನ್. ಅರಬ್ಬಿ ಮಾತು ಎನ್ನುವುದಷ್ಟೇ ಇವನಿಗೆ ಗೊತ್ತು. ಇಪ್ಪತ್ತೇಳು ವರ್ಷದಿಂದ ಆಡುತ್ತಿದ್ದ, ಹತ್ತೊಂಬತ್ತು ವರ್ಷ ಕೆಲಸ ಕಲಿಸಿದ ಉಸ್ತಾದರ ಕ್ಷೌರದಂಗಡಿಯಲ್ಲಿ, ಎಂಟು ವರ್ಷ ಇಲ್ಲಿ. ಉಸ್ತಾದರು ಸಮುದ್ರ ದಾಟಿ ಬಂದು ನೆಲೆನಿಂತವರು, ಅರಬ್ಬಿ ಅವರ ಮನೆಮಾತು. ಇಲ್ಲಿಯ ಮಾತನ್ನು ಇಲ್ಲಿಯವರಿಗಿಂತ ಚೆನ್ನಾಗಿ ಆಡುತ್ತಿದ್ದರು, ಆದರೆ ಕ್ಷೌರ ಮುಗಿದು, ಬಟ್ಟೆ ಕೊಡವಿ, ಕುತ್ತಿಗೆಯ ಹಿಂದೆ ಪುಡಿ ಹಚ್ಚಿ, ಕೈಗನ್ನಡಿಯನ್ನು ಗಿರಾಕಿಯ ಬೆನ್ನ ಹಿಂದೆ ಹಿಡಿದಾಗ ಮಾತ್ರ ಆ ಒಂದು ಮಾತು ತಾನಾಗಿ ಅವರ ಮನೆಮಾತಿನಲ್ಲಿ ಬರುತ್ತಿತ್ತು. ಇವನು ಮೂವತ್ತನೇ ವಯಸ್ಸಿಗೆ, ಇದ್ದ ಕಾರ್ಖಾನೆ ಮುಚ್ಚಿದ ಮೇಲೆ, ಅವರ ಹತ್ತಿರ ಕೆಲಸ ಕಲಿಯಲು ಬಂದವನು. ಬಟ್ಟೆ ಕೊಡವುವುದನ್ನು ಕಲಿತಂತೆ, ಪುಡಿ ಹಚ್ಚುವುದನ್ನು ಕಲಿತಂತೆ, ಆ ಮಾತನ್ನೂ ಕಲಿತ. ಅದು ಕೆಲಸದ ಕೊನೆಯ ಕೈ ಎಂದುಕೊಂಡ. ಬ್ರಷ್ಷಿಗೆ ಅರ್ಥವೇನು ಎಂದು ಯಾರಾದರೂ ಕೇಳುತ್ತಾರೆಯೇ?

ಇಲ್ಲಿ ಆಸ್ಪತ್ರೆಗೆ ಬಂದ ಮೇಲೆ ಅವನು ಒಂದು ನಿಯಮ ಮಾಡಿಕೊಂಡಿದ್ದ. ತಿಂಗಳುಗಟ್ಟಲೆ ಮಲಗಿದ ಗಂಡಸರ ಗಡ್ಡ ಹೆರೆದಾಗ ಆ ಮಾತು ಹೇಳುವುದು, ಏಕೆಂದರೆ ಹೆರೆದ ಮೇಲೆ ಅವರು ಗಲ್ಲ ಸವರಿಕೊಳ್ಳುತ್ತಿದ್ದರು, ಅದು ಅಂಗಡಿಯಂತೆಯೇ ಇತ್ತು. ಶಸ್ತ್ರಚಿಕಿತ್ಸೆಗೆ ಮುಂಚೆ ಬೋಳಿಸಿದವರಿಗೆ ಹೇಳುವುದಿಲ್ಲ. ಯಾಕೆ ಎಂದು ಯೋಚಿಸಿರಲಿಲ್ಲ. ಅವರು ಕನ್ನಡಿ ಕೇಳುವುದಿಲ್ಲ, ಇವನು ಒಯ್ಯುವುದೂ ಇಲ್ಲ, ಕನ್ನಡಿಯಿಲ್ಲದ ಮೇಲೆ ಮಾತು ಬರುವುದಿಲ್ಲ, ಅಷ್ಟೇ ಲೆಕ್ಕ. ಎಂಟು ವರ್ಷ ಆ ನಿಯಮ ತಪ್ಪಿರಲಿಲ್ಲ. ಇವತ್ತು ತಪ್ಪಿತು. ಹೆಂಗಸರಿಗೆ ಬೋಳಿಸುವ ಆಯಾ ರಜೆ ಹಾಕಿದ್ದಳು, ದೊಡ್ಡ ನರ್ಸ್ ಇವನನ್ನು ಕರೆದರು. ಹೋದರೆ ಆ ಹೆಂಗಸು ಕಿಟಕಿಯ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕಾಲ ಮೇಲೆ ಕಾಲು ಹಾಕಿ, ಮದುವೆಗೆ ಹೊರಟ ಗಿರಾಕಿಯ ಹಾಗೆ ಕೂತಿದ್ದಳು. ಐವತ್ತರ ಆಸುಪಾಸು. ಅಚ್ಚಿನ ಮನೆಯೊಂದರಲ್ಲಿ ಕರಡು ತಿದ್ದುವ ಕೆಲಸ ಅವಳದು, ಬೇರೆಯವರು ಬರೆದ ಪುಸ್ತಕಗಳ ತಪ್ಪುಗಳನ್ನು ಮೂವತ್ತು ವರ್ಷ ಹೆಕ್ಕಿದವಳು. ಇದನ್ನು ಅವಳೇ ಹೇಳಿದಳು, ಇವನು ಕೇಳಿರಲಿಲ್ಲ. ಅವಳ ಅಕ್ಕ ಗೋಡೆಗೆ ಒರಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಅಕ್ಕಾ, ಕೂದಲು ನಂದು, ಅಳು ನಿಂದಾ?" ಎಂದಳು ಕರಡು ತಿದ್ದುವವಳು. ಆಮೇಲೆ ಇವನ ಕಡೆ ತಿರುಗಿ, ಮೊದಲು ದಪ್ಪಗೆ ಒಂದು ಸುತ್ತು ತೆಗೆಯಿರಿ, ಅದು ಮೊದಲ ಕರಡು, ನುಣ್ಣಗೆ ಆಮೇಲೆ ಮಾಡೋಣ ಎಂದಳು. ಇವನಿಗೆ ನಗು ಬಂತು. ನಗು ಬಂದದ್ದೇ ತಪ್ಪಾಯಿತೇನೋ. ಮೊದಲು ಯಂತ್ರ, ಆಮೇಲೆ ಬಿಸಿನೀರಿನ ಬಟ್ಟೆ, ನೊರೆ, ಕತ್ತಿ. ನೆತ್ತಿಯಿಂದ ಹಣೆಗೆ, ನೆತ್ತಿಯಿಂದ ಕಿವಿಗೆ. ಎಡಗೈಯನ್ನು ಬಟ್ಟಲು ಮಾಡಿ ತಲೆಯನ್ನು ಹಿಡಿದಾಗ ಅವನಿಗೆ ಮೂಳೆಯ ಉಬ್ಬು ತಗ್ಗು ತಿಳಿಯುತ್ತಿತ್ತು. ಮುಖಗಳನ್ನು ಮರೆಯುತ್ತಿದ್ದ, ತಲೆಗಳನ್ನು ಮರೆಯುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಗುರುತು ಸಿಗದೆ ಪೇಚಾಡಿ, ಅವರು ಬೆನ್ನು ತಿರುಗಿಸಿ ಹೋಗುವಾಗ ಓಹೋ ಇವರಾ ಎಂದುಕೊಳ್ಳುವವನು. ಇವಳ ತಲೆ ಚಿಕ್ಕದು, ದುಂಡಗೆ, ಹಿಂಭಾಗದಲ್ಲಿ ಸಣ್ಣದೊಂದು ದಿಣ್ಣೆ. ಒಳಗೆ ಎಲ್ಲೋ ಒಂದು ಗಂಟು, ಅದು ಕೈಗೆ ಸಿಗುವಂಥದ್ದಲ್ಲ. ಕಿಟಕಿಯಿಂದ ಬಿಸಿಲು ಬಿತ್ತು, ಅವಳು ಕಣ್ಣು ಮುಚ್ಚಿದಳು, ಅವಳ ಹೆಗಲು ಸಡಿಲವಾಯಿತು, ಇವನು ಒಂದು ಗಳಿಗೆ ಎಲ್ಲಿದ್ದೇನೆಂಬುದನ್ನು ಮರೆತ. ಬಟ್ಟೆ ಕೊಡವಿದ. ಕುತ್ತಿಗೆಗೆ ಪುಡಿ ಹಚ್ಚಿದ. "ನಯೀಮನ್" ಅಂದ.

ಅಕ್ಕ ಸೆರಗು ಕೆಳಗಿಳಿಸಿ ನೋಡಿದಳು. ಕರಡು ತಿದ್ದುವವಳು ಕಣ್ಣು ತೆರೆದು, ಏನಂದಿರಿ ಎಂದು ಕೇಳಿದಳು. ಏನಿಲ್ಲಮ್ಮ ಎಂದ. ಏನೋ ಅಂದಿರಿ, ಯಾವ ಮಾತು ಅದು ಎಂದಳು. ಅರಬ್ಬಿ ಎಂದ. ಹಾಗೆಂದರೇನು ಎಂದಳು. ಇವನು ತಟ್ಟೆಯಲ್ಲಿದ್ದ ನೊರೆಯನ್ನು ನೋಡಿದ. ತನ್ನ ಬಾಯಿಂದ ಇಪ್ಪತ್ತೇಳು ವರ್ಷ ಹೊರಬಿದ್ದ ಮಾತಿನ ಒಳಗೆ ತಾನು ಒಂದು ಸಲವೂ ಇಣುಕಿಲ್ಲ ಎನ್ನುವುದು ಆ ಕ್ಷಣದಲ್ಲಿ, ಒಬ್ಬ ಓದಿದ ಹೆಂಗಸಿನ ಎದುರು, ಕಿವಿಯ ತುದಿ ಬಿಸಿಯಾಗುವಂತೆ ತಿಳಿಯಿತು. ಗೊತ್ತಿಲ್ಲ ಎಂದರೆ, ಗೊತ್ತಿಲ್ಲದ್ದನ್ನು ನನ್ನ ತಲೆಯ ಮೇಲೆ ಯಾಕೆ ಹೇಳಿದಿರಿ ಎಂದು ಅವಳು ಕೇಳಬಹುದಿತ್ತು. ಅಕ್ಕ ಏನಾದರೂ ಅಂದುಕೊಳ್ಳಬಹುದಿತ್ತು.

"ಮುಗೀತು ಅಂತ," ಎಂದ.

"ಮುಗೀತು," ಎಂದು ಅವಳು ಬಾಯೊಳಗೆ ಇಟ್ಟುಕೊಂಡು ನೋಡುವವಳಂತೆ ಹೇಳಿದಳು. ತಲೆಯ ಮೇಲೆ ಅಂಗೈ ಇಟ್ಟುಕೊಂಡಳು. ಆಮೇಲೆ ಅಕ್ಕನ ಕೈಚೀಲದಿಂದ ಒಂದು ಸಣ್ಣ ನೋಟ್‌ಬುಕ್ ಕೇಳಿ ತೆಗೆಸಿಕೊಂಡು, ಪೆನ್ಸಿಲಿನಲ್ಲಿ ಆ ಮಾತನ್ನೂ ಅದರ ಮುಂದೆ ಅದರ ಅರ್ಥವನ್ನೂ ಬರೆದಳು. ಹೊಸ ಮಾತು ಸಿಕ್ಕರೆ ಬರೆದಿಡುವುದು ಅವಳ ಅಭ್ಯಾಸವಂತೆ. ಮುಗೀತು ಎಂದು ಬರೆಯುವಾಗ ಪೆನ್ಸಿಲಿನ ಮೊನೆ ಒಂದಿಷ್ಟೂ ತಡವರಿಸಲಿಲ್ಲ. ಅದನ್ನು ನೋಡುತ್ತ ನಿಂತ ಇವನಿಗೆ ತಟ್ಟೆ ಎತ್ತಿಕೊಂಡು ಹೊರಗೆ ಬರುವುದೇ ಕಷ್ಟವಾಯಿತು.

ತೊಳೆಯುವ ಕೋಣೆಯಲ್ಲಿ ಅವನು ಹಿಡಿಯನ್ನು ಉಜ್ಜುತ್ತಿರುವಾಗ ದೊಡ್ಡ ನರ್ಸ್ ಬಾಗಿಲಲ್ಲಿ ನಿಂತರು. ಅವರ ಹಿಂದೆ ಇಬ್ಬರು ವಾರ್ಡಿನ ಕೆಲಸದವರು ಗಾಲಿಮಂಚಕ್ಕೆ ಹೊದಿಕೆ ಹಾಸುತ್ತಿದ್ದರು. ನರ್ಸಿಗೆ ಮೆಲ್ಲಗೆ ಮಾತಾಡುವುದು ಗೊತ್ತಿತ್ತು, ಆದರೆ ಬೈಯುವಾಗ ಅದನ್ನು ಬಳಸುತ್ತಿರಲಿಲ್ಲ.

"ಕಿಟಕಿ ಪಕ್ಕದವರ ಎಡಗಿವಿ ಹಿಂದೆ ಎರಡು ಬೆರಳಗಲ ಕೂದಲು ಹಾಗೇ ಬಿಟ್ಟಿದ್ದೀರಿ. ಬಿತ್ತನೆಗೆ ಇಟ್ಟಿದ್ದೀರಾ?"

ಕೆಲಸದವರು ನಕ್ಕರು. ಇವನು ನಂಬಲಿಲ್ಲ, ಆಮೇಲೆ ನಂಬಿದ. ಎಡಗಿವಿಯ ಹಿಂದಿನದನ್ನು ಅವನು ಯಾವಾಗಲೂ ಕೊನೆಗೆ ತೆಗೆಯುತ್ತಿದ್ದ. ಬಿಸಿಲು ಬಿದ್ದದ್ದು ಆಗಲೇ. ಮುಗಿಯದೆಯೇ ಬಟ್ಟೆ ಕೊಡವಿದ್ದ, ಮುಗೀತು ಎಂದೂ ಹೇಳಿ ಬಂದಿದ್ದ. ಈಗಲೇ ಹೋಗುತ್ತೇನೆ ಎಂದ. ಈಗ ಅವರನ್ನು ಕೆಳಗೆ ಸ್ಕ್ಯಾನಿಗೂ ಬೇರೆ ಪರೀಕ್ಷೆಗಳಿಗೂ ಕರೆದೊಯ್ದಿದ್ದಾರೆ, ಮೂರಕ್ಕೆ ವಾಪಸು ಬರುತ್ತಾರೆ, ನಾಲ್ಕಕ್ಕೆ ಒಳಗೆ ಹೋಗುತ್ತಾರೆ, ಆ ಒಂದು ಗಂಟೆಯಲ್ಲಿ ಬಂದು ಮಾಡಿ ಎಂದರು ನರ್ಸ್. ಹೋಗುತ್ತ, ವಯಸ್ಸಾಯಿತು ನಿಮಗೆ ಎಂದೂ ಸೇರಿಸಿದರು, ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ಹೆಚ್ಚು ತಾಕಿತು.

ಮೂರು ಗಂಟೆಗೆ ಆ ಸ್ಟೂಲಿನ ಹಿಂದೆ ಮತ್ತೆ ನಿಲ್ಲಬೇಕು. ಮತ್ತೆ ಬಟ್ಟೆ ಕೊಡವಬೇಕು. ಅವಳು ಮುಗೀತಾ ಎಂದು ಕೇಳಿಯೇ ಕೇಳುತ್ತಾಳೆ, ಆ ಮಾತಿನಲ್ಲೇ ಕೇಳುತ್ತಾಳೆ, ಇವನು ಹೂಂ ಅನ್ನಬೇಕು. ಒಂದು ತಪ್ಪು ಅರ್ಥವನ್ನು ತಲೆಯೊಳಗಿಟ್ಟುಕೊಂಡು ಅವಳು ಒಳಗೆ ಹೋಗುತ್ತಾಳೆ, ಅದೂ ಎಂಥ ಅರ್ಥ. ಬೇರೆ ಏನೂ ಸಿಗಲಿಲ್ಲವೇ ನಿನ್ನ ಬಾಯಿಗೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಚೆನ್ನಾಗಿದೆ ಅನ್ನಬಹುದಿತ್ತು. ನಮಸ್ಕಾರ ಅನ್ನಬಹುದಿತ್ತು. ಮುಗೀತು ಎಂಬುದು ಎಲ್ಲಿಂದ ಬಂತು ಎಂದು ಕೇಳಿಕೊಂಡಾಗ ಒಳಗೆ ಎಲ್ಲೋ ಒಂದು ಬಾಗಿಲು ಅಲ್ಲಾಡಿತು, ಅವನು ಅದನ್ನು ಒತ್ತಿ ಹಿಡಿದ.

ಅವನ ಹೆಂಡತಿ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಒಣಗಿದ ಹೊದಿಕೆಗಳನ್ನು ಮಡಿಸುವುದು ಇಬ್ಬರ ಕೆಲಸ, ಅವಳ ಜೊತೆಯವಳು ಊಟಕ್ಕೆ ಹೋಗಿದ್ದಳು, ಹಾಗಾಗಿ ಇವನು ಹೋದೊಡನೆ ಒಂದು ತುದಿಯನ್ನು ಕೈಗೆ ಕೊಟ್ಟಳು. ತುದಿ ಹಿಡಿದುಕೊಂಡು, ಅವಳ ಕಡೆ ನಡೆದು, ಮತ್ತೆ ಹಿಂದಕ್ಕೆ ಬಂದು, ನಾಲ್ಕು ಹೊದಿಕೆ ಮಡಿಸುವಷ್ಟರಲ್ಲಿ ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಎದುರು ಬಂದಾಗಲೆಲ್ಲ ಒಂದೊಂದು ಮಾತು ಹೇಳಿ ಹೋಗುತ್ತಿದ್ದಳು. ನಾನು ಅದು ಏಳಿ ಅನ್ನೋದು ಅಂದುಕೊಂಡಿದ್ದೆ ಎಂದಳು. ಅಂಗಡಿಯ ಪಕ್ಕದ ದರ್ಜಿ ಅದನ್ನು ಮುಂದಿನವರು ಬನ್ನಿ ಎಂದು ತಿಳಿದಿದ್ದನಂತೆ. ಅಂಗಡಿಯ ಬೆಂಚಿನ ಮೇಲೆ ಹತ್ತೊಂಬತ್ತು ವರ್ಷ ಕೂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಇತ್ತು, ಯಾರೂ ಕೇಳಿರಲಿಲ್ಲ.

"ನಿನಗೂ ಕೇಳಬೇಕು ಅನ್ನಿಸಲಿಲ್ಲವಲ್ಲ," ಎಂದ.

"ನನಗೆ ಯಾವತ್ತು ಹೇಳಿದ್ದೀರಿ, ಕೇಳೋಕೆ? ನಾನೇನು ನಿಮ್ಮ ಗಿರಾಕಿಯಾ?" ಎಂದಳು. ಹೊದಿಕೆಯ ತುದಿಯನ್ನು ಇವನ ಕೈಯಿಂದ ಬಿಡಿಸಿಕೊಂಡು, ಮಡಿಕೆಯ ಮೇಲೆ ಅಂಗೈ ಎಳೆದು ಸುಕ್ಕು ತೆಗೆದಳು. ಉಸ್ತಾದರ ಹೆಂಡತಿ ಇದ್ದಾರಲ್ಲ, ಬಸ್ಸಿನಲ್ಲಿ ಎರಡೇ ಸ್ಟಾಪು, ಹೋಗಿ ಕೇಳಿ ಬನ್ನಿ ಎಂದಳು. ಎಂಟು ವರ್ಷದಿಂದ ಆ ಕಡೆ ತಲೆ ಹಾಕಿಲ್ಲ ಎಂದು ಇವನು ಗೊಣಗಿದ. "ಹಾಗಾದರೆ ಒಂಬತ್ತನೇ ವರ್ಷ ಹಾಕಿ," ಎಂದಳು.

ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ಯಾರದೋ ಕುತ್ತಿಗೆ, ಕೂದಲು ಓರೆಯಾಗಿ ಕತ್ತರಿಸಿದ್ದು, ಎಡಕ್ಕೆ ಅರ್ಧ ಬೆರಳು ಇಳಿದಿತ್ತು. ಬೇರೆ ದಿನವಾಗಿದ್ದರೆ ಕತ್ತರಿಸಿದವನನ್ನು ಮನಸ್ಸಿನಲ್ಲೇ ಝಾಡಿಸುತ್ತಿದ್ದ. ಇವತ್ತು ಆ ಹಕ್ಕು ತನಗಿಲ್ಲ ಅನ್ನಿಸಿತು. ಉಸ್ತಾದರ ಕುತ್ತಿಗೆ ಅಗಲ, ಹಿಂದೆ ಎರಡು ಮಡಿಕೆ, ಮಡಿಕೆಗಳ ನಡುವಿನ ಕೂದಲು ತೆಗೆಯಲು ಚರ್ಮವನ್ನು ಹೆಬ್ಬೆರಳಿನಲ್ಲಿ ಎಳೆದು ಹಿಡಿಯಬೇಕಾಗಿತ್ತು. ಹದಿನೈದು ದಿನಕ್ಕೊಮ್ಮೆ ಮಂಗಳವಾರ ಮಧ್ಯಾಹ್ನ, ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿ, ಅವರು ಗಿರಾಕಿಗಳ ಕುರ್ಚಿಯಲ್ಲಿ ಕೂರುತ್ತಿದ್ದರು, ಇವನು ಕತ್ತರಿ ಹಿಡಿಯುತ್ತಿದ್ದ. ಕತ್ತರಿಸುವಾಗ ಅವರು ಒಂದು ಮಾತೂ ಆಡುತ್ತಿರಲಿಲ್ಲ, ತಿದ್ದುತ್ತಿರಲಿಲ್ಲ. ಮುಗಿದ ಮೇಲೆ ಬಟ್ಟೆ ಕೊಡವಿ ಇವನು ಪಕ್ಕಕ್ಕೆ ಸರಿದರೆ, ಅವರು ಏಳುತ್ತಿರಲಿಲ್ಲ. ಒಂದು ಗಳಿಗೆ ಹಾಗೆಯೇ ಕೂತಿರುತ್ತಿದ್ದರು. ಕನ್ನಡಿಯಲ್ಲಿ ತಮ್ಮ ಕೂದಲನ್ನಲ್ಲ, ಇವನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಇವನು ಬೆವರುತ್ತಿದ್ದ. ಯಾವ ತಪ್ಪು ಕಂಡಿತೋ, ಎಲ್ಲಿ ಏರುಪೇರಾಯಿತೋ ಎಂದು ಮತ್ತೆ ಕತ್ತರಿ ಎತ್ತಿಕೊಂಡು, ಇಲ್ಲದ ಕೂದಲಿಗೆ ಗಾಳಿಯಲ್ಲಿ ಎರಡು ಸಲ ಕಚ ಕಚ ಆಡಿಸುತ್ತಿದ್ದ. ಅಥವಾ ಪೊರಕೆ ಹಿಡಿದು ಗುಡಿಸಲು ನಿಲ್ಲುತ್ತಿದ್ದ. ಆಗ ಅವರು ಎದ್ದು, ಒಳ್ಳೆಯದು ಎಂದು ಹೇಳಿ, ತಮ್ಮ ಕತ್ತಿನ ಪಟ್ಟಿಯನ್ನು ತಾವೇ ಕೊಡವಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದು ಇವನು ಆಗೆಲ್ಲ ಹೆಂಡತಿಯ ಹತ್ತಿರ ಹೇಳಿಕೊಂಡದ್ದುಂಟು. ತಪ್ಪು ಯಾವುದು ಎಂದು ಹೇಳದೆ ಸುಮ್ಮನೆ ನೋಡುವ ಯಜಮಾನನಿಗಿಂತ ಬೈಯುವ ಯಜಮಾನನೇ ಮೇಲು ಎಂದು.

ಕೊನೆಯ ಸಲ ಆಸ್ಪತ್ರೆಯ ಕೆಲಸ ಗಟ್ಟಿಯಾದ ವಾರ. ಬೆಳಿಗ್ಗೆಯೇ ಅವರಿಗೆ ಹೇಳಿದ್ದ. ಅವರು, ಒಳ್ಳೆಯ ಕೆಲಸ, ತಿಂಗಳ ಸಂಬಳ, ಹೋಗು ಎಂದಿದ್ದರು. ಮಧ್ಯಾಹ್ನ ಕೂದಲು ಕತ್ತರಿಸಿಕೊಳ್ಳಲು ಕೂತರು, ಅದು ಅವರ ಮಂಗಳವಾರ. ಮುಗಿದ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಕೂತರು. ಕನ್ನಡಿಯಲ್ಲಿ ಅವರ ಕಣ್ಣು ಇವನ ಮೇಲೇ ಇತ್ತು. ಹೋಗುವ ದಿನವೂ ತಪ್ಪು ಹುಡುಕಬೇಕೇ ಎಂದು ಇವನಿಗೆ ರೇಗಿತು. ಹತ್ತೊಂಬತ್ತು ವರ್ಷದ ಸಿಟ್ಟು. ಬಟ್ಟೆಯನ್ನು ಅವರ ಕತ್ತಿನಿಂದ ಎಳೆದು ತೆಗೆದ, ಕುರ್ಚಿಯ ಸನ್ನೆಗೋಲನ್ನು ಕಾಲಿನಿಂದ ಒತ್ತಿ ಕೆಳಕ್ಕೆ ಇಳಿಸಿದ, ಮುಗೀತು ಉಸ್ತಾದ್, ಏಳಿ ಎಂದ. ಅವರು, ಮುಗೀತಾ, ಸರಿ ಎಂದರು. ಎದ್ದರು. ಆ ಮಾತೇ ಇವತ್ತು ಬೆಳಿಗ್ಗೆ ಬಾಯಿಗೆ ಬಂದದ್ದು. ಎರಡು ವರ್ಷದ ಮೇಲೆ ಅವರು ತೀರಿಕೊಂಡ ದಿನ ಇವನು ಬೀದಿಯ ತಿರುವಿನವರೆಗೆ ಹೋಗಿ, ಮನೆಯ ಮುಂದೆ ನಿಂತಿದ್ದ ಜನವನ್ನು ನೋಡಿ, ವಾಪಸು ಬಸ್ಸು ಹತ್ತಿದ್ದ.

ಉಸ್ತಾದರ ಮನೆಯ ಕೆಳಗಿನ ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ರಿಪೇರಿ ಮಾಡುತ್ತಿದ್ದರು. ಕನ್ನಡಿಯಿದ್ದ ಗೋಡೆಯ ತುಂಬ ಬಣ್ಣಬಣ್ಣದ ಕವಚಗಳು ತೂಗಾಡುತ್ತಿದ್ದವು. ಮೇಲಿನ ಮನೆಗೆ ಮೂವತ್ತೆರಡು ಮೆಟ್ಟಿಲು, ಹತ್ತುವಷ್ಟರಲ್ಲಿ ಬೆನ್ನಿಗೆ ಅಂಗಿ ಅಂಟಿತು. ಬಾಗಿಲು ತೆರೆದ ಉಸ್ತಾದರ ಹೆಂಡತಿ ಇವನನ್ನು ನೋಡಿ, ಬಂದೆಯಾ ಎಂದರು, ನಿನ್ನೆ ಹೋದವನು ಇವತ್ತು ಬಂದಂತೆ. ಆಮೇಲೆ ಮುಖ ನೋಡಿ, ಎಂಥ ಧೂಳು, ಮೊದಲು ಮುಖ ತೊಳಕೋ ಹೋಗು ಎಂದು ಒಳಬಾಗಿಲ ಪಕ್ಕದ ತೊಟ್ಟಿ ತೋರಿಸಿದರು. ತಣ್ಣೀರು. ಅವನು ಮುಖ ತೊಳೆದ, ಕುತ್ತಿಗೆ ತೊಳೆದ, ಮೊಳಕೈವರೆಗೆ ತೊಳೆದ. ಏನೆಂದು ಕೇಳುವುದು, ಹೇಗೆ ಶುರು ಮಾಡುವುದು ಎಂದು ನೀರಿನ ಕೆಳಗೇ ಕೈ ಇಟ್ಟುಕೊಂಡು ತಡ ಮಾಡಿದ. ತಿರುಗಿದರೆ ಮುದುಕಿ ಟವೆಲು ಹಿಡಿದು ನಿಂತಿದ್ದರು.

"ನಯೀಮನ್," ಎಂದು ಹೇಳಿ, ಟವೆಲು ಕೊಟ್ಟು, ಚಹಾಕ್ಕೆ ನೀರಿಡಲು ಒಳಗೆ ಹೋದರು.

ಅವನು ಮುಖದಿಂದ ನೀರು ತೊಟ್ಟಿಕ್ಕುತ್ತ ನಿಂತ. ಯಾರೂ ಆ ಮಾತನ್ನು ಅವನಿಗೆ ಹೇಳಿರಲಿಲ್ಲ. ಅವರು ಕ್ಷೌರಿಕರಲ್ಲ. ಇಲ್ಲಿ ಕತ್ತರಿಯಿಲ್ಲ, ಕನ್ನಡಿಯಿಲ್ಲ, ಕೊಡವಲು ಬಟ್ಟೆಯಿಲ್ಲ. ಮಾತು ಮಾತ್ರ ಇತ್ತು, ಅದು ಇವನ ಒದ್ದೆ ಮುಖಕ್ಕೆ ಬಂದು ತಗುಲಿತ್ತು. ಅಂಗಡಿಯ ಕೊನೆಯ ಕೈ ಎಂದು ಅವನು ತಿಳಿದದ್ದು ಒಂದು ಮನೆಯ ಒಳಬಾಗಿಲಿನಲ್ಲಿ, ಮುಖ ತೊಳೆದು ಬಂದವನಿಗೆ, ಒಬ್ಬ ಮುದುಕಿ ಹೆಚ್ಚಿಗೆ ಯೋಚಿಸದೆ ಹೇಳುವ ಮಾತಾಗಿತ್ತು.

ಅಂಗಡಿಯ ಹಳೆಯ ಕುರ್ಚಿಯನ್ನು ಮೇಲಕ್ಕೆ ತಂದು ಕಿಟಕಿಯ ಪಕ್ಕ ಇಟ್ಟಿದ್ದರು. ಅವರು ಅದರಲ್ಲೇ ಕೂತು ಚಹಾ ಸೋಸಿದರು, ಇವನು ಎದುರಿನ ಬೆತ್ತದ ಸ್ಟೂಲಿನ ಮೇಲೆ ಕೂತ. ಬೆಳಗಿನ ಕಥೆಯನ್ನು ಹೇಳಿದ, ಸುಳ್ಳನ್ನೂ ಸೇರಿಸಿ. ಅವರು ಮೊದಲು ನಂಬಲಿಲ್ಲ. ಅರ್ಥ ಗೊತ್ತಿಲ್ಲದೆ ಹತ್ತೊಂಬತ್ತು ವರ್ಷ ಹೇಳಿದೆಯಾ ಎಂದು ಕೇಳಿ, ಹೂಂ ಎಂದಾಗ, ಲೋಟ ಕೆಳಗಿಟ್ಟು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ಅದಕ್ಕೆ ಅರ್ಥ ಅಂತ ಏನು ಹೇಳಲಿ ಎಂದರು. ಸ್ನಾನ ಮಾಡಿ ಬಂದವರಿಗೆ ಹೇಳುತ್ತೇವೆ, ಕೂದಲು ತೆಗೆಸಿಕೊಂಡು ಬಂದವರಿಗೆ, ಗಡ್ಡ ಹೆರೆದುಕೊಂಡವರಿಗೆ, ಒಳ್ಳೆಯ ನಿದ್ದೆ ತೆಗೆದು ಎದ್ದವರಿಗೂ ಕೆಲವರು ಹೇಳುತ್ತಾರೆ. ಯಾರು ಯಾರಿಗೆ ಬೇಕಾದರೂ ಹೇಳಬಹುದು, ಹೆಂಡತಿ ಗಂಡನಿಗೆ, ಮಗು ಅಜ್ಜನಿಗೆ. ಮೈಯಿಂದ ಒಂದಿಷ್ಟು ಭಾರ ಇಳಿದಿದೆಯಲ್ಲ, ಆ ಹಗುರ ನಿನಗೆ ಸುಖವಾಗಿರಲಿ, ಅಷ್ಟೇ. ಕೇಳಿಸಿಕೊಂಡವರು ತಿರುಗಿ ಹೇಳುವ ಮಾತೂ ಒಂದಿದೆ. ಅದನ್ನು ಅವರು ತಮ್ಮ ಭಾಷೆಯಲ್ಲಿ ಹೇಳಿದರು, ಅದು ಉದ್ದವಾಗಿತ್ತು, ಇವನ ನಾಲಿಗೆಗೆ ನಿಲ್ಲಲಿಲ್ಲ. ದೇವರು ನಿನಗೂ ಅದೇ ಸುಖ ಕೊಡಲಿ ಅಂತ, ಎಂದು ಬಿಡಿಸಿ ಹೇಳಿದರು.

ಇವನು ಚಹಾದ ಮೇಲಿನ ಕೆನೆಯನ್ನು ನೋಡುತ್ತಿದ್ದ. ಅರ್ಧ ಇಳಿಸಿದ ಬಾಗಿಲು, ಮಧ್ಯಾಹ್ನದ ಮಬ್ಬು, ಕನ್ನಡಿಯಲ್ಲಿ ಎರಡು ಕಣ್ಣು. ಗಿರಾಕಿಯಲ್ಲವೆಂದು ಉಸ್ತಾದರಿಗೆ ಅವನು ಆ ಮಾತನ್ನು ಒಂದು ಸಲವೂ ಹೇಳಿರಲಿಲ್ಲ. ಅವನು ಕೇಳದೆಯೇ ಮುದುಕಿ ಅಲ್ಲಿಗೇ ಬಂದರು.

"ಮಂಗಳವಾರ ನಮ್ಮವರು ಮೇಲೆ ಬರ್ತಿದ್ದರಲ್ಲ, ಬಾಗಿಲಲ್ಲೇ ತಲೆ ಬಗ್ಗಿಸಿ ನಿಲ್ಲೋರು. ನೀನಾದ್ರೂ ಹೇಳು ಅನ್ನೋರು. ಅವನು ಇವತ್ತೂ ಹೇಳಲಿಲ್ವಾ ಅಂತ ನಾನು ಕೇಳ್ತಿದ್ದೆ. ಇಲ್ಲ, ಅವನಿಗೆ ಪೊರಕೆ ಮೇಲೆ ಗಮನ ಅನ್ನೋರು."

ಅವರು ಇದನ್ನು ಮನೆಯ ಹಳೆಯ ತಮಾಷೆಯಂತೆ ಹೇಳಿದರು. ಅವರೇ ನನಗೆ ಹೇಳಿಕೊಡಬಾರದಾಗಿತ್ತೇ ಎಂದು ಇವನು ಕೇಳಿದ. ನಾನೂ ಅದನ್ನೇ ಕೇಳುತ್ತಿದ್ದೆ ಎಂದರು ಅವರು.

"ಕೇಳಿ ಹೇಳಿಸಿಕೊಂಡ್ರೆ ಅದು ಸಂಬಳ ಆಗುತ್ತೆ ಅನ್ನೋರು. ಎಲ್ಲರಿಗೂ ಹೇಳ್ತಾನಲ್ಲ, ಒಂದು ದಿನ ನನಗೂ ಹೇಳ್ತಾನೆ ಅನ್ನೋರು."

ಕೋಪ ಇತ್ತೇ ಎಂದು ಕೇಳಿದ. ಕೋಪವೇನಿಲ್ಲ, ಕಾಯುತ್ತಿದ್ದರು ಅಷ್ಟೇ ಎಂದರು. ಆಮೇಲೆ ಕುರ್ಚಿಯ ಕೈಯನ್ನು ತಟ್ಟಿ, ಇದು ಈಚೆಗೆ ಕಿರುಗುಟ್ಟುತ್ತದೆ, ನೋಡು ಎಂದರು. ಅವನು ಮಂಡಿಯೂರಿ ಕುರ್ಚಿಯ ಅಡಿಯನ್ನು ನೋಡಿದ. ಸನ್ನೆಗೋಲಿನ ಕೀಲಿನಲ್ಲಿ ಎಣ್ಣೆ ಒಣಗಿತ್ತು. ಅಡಿಗೆಮನೆಯಿಂದ ಎಣ್ಣೆ ತಂದು ಎರಡು ಹನಿ ಬಿಟ್ಟ. ಮೇಲಕ್ಕೆ, ಕೆಳಕ್ಕೆ, ಮೇಲಕ್ಕೆ ಆಡಿಸಿದ, ಅವರು ಅದರಲ್ಲಿ ಕೂತಿದ್ದಂತೆಯೇ, ಮೆಲ್ಲಗೆ. ಆ ದಿನ ಎಷ್ಟು ರಭಸದಿಂದ ಒತ್ತಿದ್ದೆ ಎಂಬುದು ಕಾಲಿಗೆ ನೆನಪಿತ್ತು. ಹೇಳಬೇಕೆಂದುಕೊಂಡ, ಕೊನೆಯ ಮಂಗಳವಾರದ್ದನ್ನು. ಮುದುಕಿ ಕಿಟಕಿಯಾಚೆ ನೋಡುತ್ತ, ಈಗ ಸರಿಹೋಯಿತು ಎಂದರು. ಅವನು ಹೇಳಲಿಲ್ಲ. ಟವೆಲನ್ನು ಮಡಿಸಿ ತೊಟ್ಟಿಯ ಪಕ್ಕ ಇಟ್ಟು, ಮತ್ತೆ ಬರುತ್ತೇನೆ ಎಂದ. ಬಂದರೆ ಕತ್ತರಿ ತಗೊಂಡು ಬಾ, ನನ್ನ ಕೂದಲ ತುದಿ ಸೀಳಿದೆ ಎಂದರು.

ಮೂರೂ ಹತ್ತಕ್ಕೆ ಅವನು ಎರಡನೇ ಮಹಡಿಯಲ್ಲಿದ್ದ. ಕರಡು ತಿದ್ದುವವಳು ಹಸಿರು ಟೊಪ್ಪಿಗೆ ಹಾಕಿಕೊಂಡು ಮಂಚದ ಅಂಚಿಗೆ ಕೂತಿದ್ದಳು. ಬೆಳಗಿನ ಬಿಸಿಲು ಕಿಟಕಿ ಬಿಟ್ಟು ಹೋಗಿತ್ತು. ಅಕ್ಕ ಸಹಿ ಹಾಕುವ ಕಾಗದಗಳಿಗೆ ಕೆಳಗೆ ಹೋಗಿದ್ದಳು. ಇವನನ್ನು ಕಂಡು, ಬನ್ನಿ ಬನ್ನಿ, ಒಂದು ತಪ್ಪು ಉಳಿಸಿ ಹೋಗಿದ್ದೀರಂತೆ, ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು ನಾನು, ನನ್ನ ಕಿವಿಯ ಹಿಂದಿನದು ನನಗೇ ಕಾಣಲಿಲ್ಲ ಎಂದಳು. ಅವಳ ತಮಾಷೆ ಬೆಳಗಿನಷ್ಟು ಗಟ್ಟಿಯಾಗಿರಲಿಲ್ಲ. ಟೊಪ್ಪಿಗೆ ತೆಗೆದು ನಾಲ್ಕು ಮಡಿಕೆ ಮಾಡಿ ಮಂಚದ ಮೇಲಿಟ್ಟಳು. ಸ್ಟೂಲಿನ ಮೇಲೆ ಕೂತಳು.

ಅವನು ನೊರೆ ಹಚ್ಚಿದ. ಎಡಗಿವಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಮಡಚಿ ಹಿಡಿದು, ನಾಲ್ಕೇ ಎಳೆತಕ್ಕೆ ಉಳಿದದ್ದನ್ನು ತೆಗೆದ. ಬೆರಳಿನಿಂದ ಸವರಿ ನೋಡಿದ, ಮತ್ತೆ ಸವರಿದ, ಬಲಗಿವಿಯ ಹಿಂದೆಯೂ ನೋಡಿದ. ಬಿಸಿಬಟ್ಟೆಯಿಂದ ಒರೆಸಿದ. ಬಟ್ಟೆ ಕೊಡವಲಿಲ್ಲ. ಅವಳ ಹಿಂದೆಯೇ ನಿಂತು, ಮುಖ ಕಾಣದ ಕಡೆಯಿಂದಲೇ ಹೇಳುವುದು ಸುಲಭವೆಂದುಕೊಂಡ, ಆಮೇಲೆ ಅದು ಸರಿಯಲ್ಲ ಅನ್ನಿಸಿ ಮುಂದಕ್ಕೆ ಬಂದು ನಿಂತ.

"ಬೆಳಿಗ್ಗೆ ನಿಮಗೆ ಸುಳ್ಳು ಹೇಳಿದೆ ಅಮ್ಮ. ಅದರ ಅರ್ಥ ನನಗೆ ಗೊತ್ತಿರಲಿಲ್ಲ."

ಅವಳು ಇವನನ್ನು ನೋಡಿದಳು. ಆಶ್ಚರ್ಯಪಡಲಿಲ್ಲ.

"ಅನುಮಾನ ಇತ್ತು," ಎಂದಳು. "ಮುಗೀತು ಅನ್ನೋದನ್ನ ಅಷ್ಟು ಮೆತ್ತಗೆ ಯಾರೂ ಹೇಳಲ್ಲ."

ಅನುಮಾನವಿದ್ದರೂ ಯಾಕೆ ಬರೆದುಕೊಂಡಿರಿ ಎಂದು ಕೇಳಬೇಕೆನಿಸಿತು. ಅವಳೇ ನೋಟ್‌ಬುಕ್ ತೆಗೆದಳು. ಸ್ಕ್ಯಾನಿನ ಕೊಳವೆಯೊಳಗೆ ಮಲಗಿದ್ದಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು, ಮುಗೀತು ಎಂದೇ ಇರಲಿ, ಅದೂ ಒಂದು ಅರ್ಥವೇ ಎಂದುಕೊಂಡೆ ಎಂದಳು. ಹಾಗೆ ಹೇಳಿ ಕಿಟಕಿಯ ಕಡೆ ಮುಖ ಮಾಡಿದಳು. ಇವನು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಮೂವತ್ತೆರಡು ಮೆಟ್ಟಿಲಿನಿಂದ ಶುರು ಮಾಡಿದ. ತೊಟ್ಟಿಯ ನೀರು, ಟವೆಲು, ಒದ್ದೆ ಮುಖ. ಸ್ನಾನ ಮಾಡಿ ಬಂದವರಿಗೆ, ಕೂದಲು ಇಳಿಸಿದವರಿಗೆ, ನಿದ್ದೆಯಿಂದ ಎದ್ದವರಿಗೆ. ಭಾರ ಇಳಿದಿದೆ, ಆ ಹಗುರ ಸುಖವಾಗಿರಲಿ. ಮಂಗಳವಾರದ ಕುರ್ಚಿಯ ವಿಷಯ ಹೇಳಬೇಕೆಂದಿರಲಿಲ್ಲ, ಅದೂ ಬಂತು, ಬಟ್ಟೆ ಎಳೆದದ್ದು, ಸನ್ನೆಗೋಲು ಒತ್ತಿದ್ದು, ಮುದುಕಿಗೆ ಹೇಳಲಾಗದ್ದೆಲ್ಲ ಬಂತು. ಅವಳು ಪೂರ್ತಿ ಕೇಳಿಸಿಕೊಂಡಳು. ಕರಡು ಓದುವವರು ಹೀಗೇ ಓದುತ್ತಾರೇನೋ, ಅಷ್ಟು ಗಮನವಿಟ್ಟು.

"ನಿದ್ದೆಯಿಂದ ಎದ್ದವರಿಗೂ ಹೇಳ್ತಾರಾ?" ಎಂದು ಅದೊಂದನ್ನು ಮಾತ್ರ ಮತ್ತೆ ಕೇಳಿದಳು.

ಒಳ್ಳೆಯ ನಿದ್ದೆಯಿಂದ ಎದ್ದವರಿಗೆ ಕೆಲವರು ಹೇಳುತ್ತಾರಂತೆ ಎಂದ.

ಅವಳು ಪೆನ್ಸಿಲಿನಿಂದ ಮುಗೀತು ಎಂಬುದರ ಮೇಲೆ ಒಂದು ಗೆರೆ ಎಳೆದಳು. ಪುಟದ ಅಂಚಿನಲ್ಲಿ, ಅಚ್ಚಿನ ಮನೆಯವರಿಗೆ ಹಾಕುವ ಯಾವುದೋ ಗುರುತು ಹಾಕಿದಳು. ಹೊಸ ಅರ್ಥ ಬರೆದು, ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟಳು. ಕೇಳಿಸಿಕೊಂಡವರು ತಿರುಗಿ ಏನೋ ಹೇಳಬೇಕು ಅಂದಿರಲ್ಲ ಎಂದಳು. ಹೇಳಿದವರಿಗೂ ಅದೇ ಸುಖ ಸಿಗಲಿ ಅಂತ ಎಂದು ಇವನು ಹೇಳಿದ, ಅರಬ್ಬಿಯಲ್ಲಿ ಹೇಗೆನ್ನುವುದು ನಾಲಿಗೆಗೆ ನಿಲ್ಲಲಿಲ್ಲ, ಕೇಳಿಕೊಂಡು ಬರುತ್ತೇನೆ ಎಂದ.

"ಬನ್ನಿ. ಈಗ ಹೇಳಲ್ಲ ನಾನು. ಒಳಗಿಂದ ಬಂದು, ಎದ್ದ ಮೇಲೆ ಹೇಳ್ತೀನಿ," ಎಂದು ನೋಟ್‌ಬುಕ್ಕನ್ನು ದಿಂಬಿನ ಕೆಳಗೆ ಇಟ್ಟಳು. ಆಮೇಲೆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಬೆಳಗಿನ ಹಾಗೆ ಕಣ್ಣು ಮುಚ್ಚಿದಳು. "ಈಗ ಸರಿಯಾಗಿ ಹೇಳಿ."

ಅವನು ಹಿಂದಕ್ಕೆ ಹೋಗಿ ನಿಂತ. ಬಟ್ಟೆ ಕೊಡವಿದ. ಕುತ್ತಿಗೆಗೆ ಪುಡಿ ಹಚ್ಚಿದ. ಇಪ್ಪತ್ತೇಳು ವರ್ಷ ತಾನಾಗಿ ಬಂದ ಮಾತನ್ನು ಈಗ ಹುಡುಕಬೇಕಾಯಿತು, ಮೊದಲ ಸಲ ಆಡುವವನಂತೆ.

"ನಯೀಮನ್," ಎಂದ.

ಅವಳು ಏಳಲಿಲ್ಲ. ಉಸಿರು ಎಳೆದುಕೊಂಡು, ಮೆಲ್ಲಗೆ ಬಿಟ್ಟು, ಹಾಗೆಯೇ ಕೂತಿದ್ದಳು, ಬೋಳು ತಲೆಯ ಮೇಲೆ ಕಿಟಕಿಯ ಬಿಳಿ ಬೆಳಕು. ಓಣಿಯಲ್ಲಿ ಗಾಲಿಮಂಚದ ಚಕ್ರಗಳ ಸದ್ದು ಹತ್ತಿರ ಬಂತು, ದೊಡ್ಡ ನರ್ಸ್ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡಿಕೊಂಡರು, ಆಯಿತೇ ಎನ್ನುವಂತೆ ಹುಬ್ಬು ಎತ್ತಿದರು. ಗೋಡೆಗೆ ಒರಗಿಸಿದ್ದ ಪೊರಕೆ ಕೈಗೆ ಸಿಗುವಷ್ಟು ದೂರದಲ್ಲಿತ್ತು. ಅವನು ಅದನ್ನು ಮುಟ್ಟಲಿಲ್ಲ. ಇನ್ನೊಂದು ಗಳಿಗೆ ಎಂದು ನರ್ಸಿಗೆ ಕೈಯಿಂದ ತೋರಿಸಿ, ಸ್ಟೂಲಿನ ಹಿಂದೆ, ಅವಳು ತಾನಾಗಿ ಏಳುವವರೆಗೆ ನಿಂತಿದ್ದ.